ಸೇತುವೆ ದಾಟದ ಅಕ್ಕ

ಸೇತುವೆಯಕ್ಕ ಸೇತುವೆ ದಾಟುವುದಿಲ್ಲ ಎಂಬ ಸಂಗತಿ ಆ ಯಾತ್ರೆಯ ಹಾದಿಯಲ್ಲಿ ದೇವರಷ್ಟೇ ಪ್ರಸಿದ್ಧವಾಗಿತ್ತು. ಹದಿನಾಲ್ಕು ದಿನಗಳ ಕಾಲ್ನಡಿಗೆಯಲ್ಲಿ ಮೂರನೆಯ ರಾತ್ರಿ ತಂಗುವುದು ಆಕೆಯ ಛತ್ರದಲ್ಲಿ. ಛತ್ರದ ಬಾಗಿಲಿನಿಂದ ಹೊಳೆಯ ಕಾಲುಸೇತುವೆಗೆ ನಲವತ್ತು ಹೆಜ್ಜೆ. ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಮೂವತ್ತೊಂಬತ್ತರವರೆಗೆ ಬಂದದ್ದನ್ನು ಜನ ನೋಡಿದ್ದಾರೆ, ನಲವತ್ತನೆಯದನ್ನು ಇಟ್ಟದ್ದು ಕಂಡವರಿಲ್ಲ.

ಕಾರಣಕ್ಕೇನು ಕೊರತೆಯಿರಲಿಲ್ಲ. ಆಕೆ ಹೊಳೆಗೆ ಮಾತು ಕೊಟ್ಟಿದ್ದಾಳೆ ಎಂದು ಕೆಲವರು. ಕೊನೆಯ ಯಾತ್ರಿಕ ಗುಡಿ ಮುಟ್ಟುವವರೆಗೆ ತಾನು ಹೊರಡುವುದಿಲ್ಲವೆಂಬ ಘೋರ ವ್ರತ ಎಂದು ಇನ್ನು ಕೆಲವರು. ಹಿಂದಿನ ಜನ್ಮದಲ್ಲಿ ನೂರೆಂಟು ಸಲ ನಡೆದು ಮುಗಿಸಿದ್ದಾಳೆ, ಈ ಜನ್ಮ ಅವಳಿಗೆ ರಜೆ ಎಂದು ನಿವೃತ್ತ ಹೆಡ್ಮಾಸ್ತರೊಬ್ಬರು ಕಣ್ಣು ತೇವ ಮಾಡಿಕೊಂಡು ಹೇಳಿದ್ದರು. ಆಕೆಯನ್ನೇ ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಸೋಜಿಗವೆಂದರೆ ಸೇತುವೆಯಾಚೆಯ ಹಾದಿ ಅಕ್ಕನಿಗೆ ಅಂಗೈ ಗೆರೆಯಂತೆ ಗೊತ್ತಿತ್ತು. ಯಾತ್ರೆ ಮುಗಿಸಿದವರ ಬಸ್ಸು ಛತ್ರದ ಮುಂದೆಯೇ ನಿಲ್ಲುತ್ತಿತ್ತು. ಇಳಿದವರಿಗೆ ನೀರು ಕೊಟ್ಟು, ಎಲ್ಲಿ ಉಳಿದಿರಿ, ಹೇಗಿತ್ತು ಎಂದು ಕೇಳಿ, ಅದನ್ನೆಲ್ಲ ಬಸಿದು ಸೋಸಿ ಮರುದಿನ ಹೊರಡುವವರಿಗೆ ಹೇಳುವುದು ಆಕೆಯ ಪದ್ಧತಿ.

"ಆರನೇ ದಿನ ಶಾಲೆಯಲ್ಲಿ ಮಲಗಬೇಡಿ. ಬೆಂಚುಗಳು ಮೂರನೇ ಕ್ಲಾಸಿನ ಮಕ್ಕಳ ಅಳತೆಯವು. ಬೆಳಗಾಗುವಷ್ಟರಲ್ಲಿ ನೀವೂ ಅದೇ ಅಳತೆಗೆ ಬಂದಿರ್ತೀರಿ. ಎಂಟನೇ ದಿನ ನರ್ಸಮ್ಮನ ಜಗಲಿ. ಬಿಸಿನೀರು ಧಾರಾಳ, ಆದರೆ ಅಳಿಯನ ಮೇಲಿನ ದೂರು ಒಂದು ಗಂಟೆ ಕೇಳಬೇಕು. ನಾಳೆ ಮಾತ್ರ ಗಿರಣಿಯ ಅಟ್ಟ ಬಿಟ್ಟು ಎಲ್ಲೂ ಉಳೀಬೇಡಿ! ಕೆಳಗೆ ಹಿಟ್ಟಿನ ಗಿರಣಿ ಓಡಿ ಓಡಿ ಹಲಗೆ ರಾತ್ರಿಯೆಲ್ಲ ಬೆಚ್ಚಗಿರುತ್ತೆ. ಕಿಟಕಿ ಪಕ್ಕದ ಹಾಸಿಗೆ ಕೇಳಿ. ಕವಲಿನಲ್ಲಿ ಎಡಕ್ಕೆ ತಿರುಗಿದರೆ ಹತ್ತು ನಿಮಿಷ."

ಆಕೆಯ ಇನ್ನೊಂದು ಕೆಲಸ ಪಾದಪರೀಕ್ಷೆ. ಸಂಜೆ ಎಲ್ಲರೂ ಸಾಲಾಗಿ ಕೂತು ಒಂದೊಂದೇ ಕಾಲನ್ನು ಬೋಗುಣಿಗೆ ಇಳಿಸಬೇಕು. ಅಕ್ಕ ತೊಳೆದು, ಒತ್ತಿ, ಮೂಸಿ ತೀರ್ಪು ಕೊಡುತ್ತಾಳೆ. ತೀರ್ಪು ಕೆಟ್ಟದಾದರೆ ಶೂಗಳು ಬೀರುವಿನೊಳಗೆ, ಬೀಗದ ಕೈ ಸೊಂಟಕ್ಕೆ. ಕಾಲು ವಾಸಿಯಾಗುವವರೆಗೆ ಯಾತ್ರೆ ಬಂದ್.

ಆ ದಿನ ಬೆಳಿಗ್ಗೆ ಏಳಕ್ಕೆ ಅಕ್ಕನ ತಂಗಿ ಹಾಸಿಗೆ ಬಟ್ಟೆ ತೆಗೆಯುತ್ತಿದ್ದವಳು ಕೂಗಿದಳು. "ಅಕ್ಕಾ, ರಾತ್ರಿ ಇಲ್ಲಿ ಮಲಗಿದ್ದ ಟೈಲರ್ ಮಹಾಶಯ ಎರಡು ಕಂಬಳಿ ಹೊದ್ದಿದ್ದ ನೋಡು. ಈ ಸೆಕೆಯಲ್ಲಿ! ಮಧ್ಯರಾತ್ರಿ ನನ್ನ ಹತ್ರ ಕೇಳಿ ಇಸ್ಕೊಂಡ."

"ನಡುಗ್ತಿದ್ದನಾ?"

"ಹಲ್ಲು ಕಟಕಟ ಅಂತಿತ್ತು. ನಾನು ಜಪ ಮಾಡ್ತಿದ್ದಾನೆ ಅಂದ್ಕೊಂಡೆ."

ಅಕ್ಕ ಹಾಸಿಗೆ ಕೊಡವಿದಳು. ಒಂದು ಗೇಣು ನೀಲಿ ದಾರ ಬಿತ್ತು, ಹೊಲಿಗೆ ಯಂತ್ರದ ದಾರ. ಅರ್ಧ ನೀಲಿ, ಇನ್ನರ್ಧ ಕೀವು ಹತ್ತಿ ಒಣಗಿ ಹಳದಿ. ಮೂಸಿ ನೋಡಿದವಳ ಮುಖ ಬಿಳಿಚಿತು.

ಕಾಲಿನ ನೀರುಗುಳ್ಳೆಗೆ ಸೂಜಿ ಚುಚ್ಚಿ, ನೀರು ಬಸಿಯಲೆಂದು ದಾರ ಪೋಣಿಸಿ ಬಿಡುವ ಚಾಳಿ ಕೆಲವು ಯಾತ್ರಿಕರಿಗಿದೆ. ಟೈಲರ್ ಬಿಡುತ್ತಾನೆಯೇ? ತನ್ನದೇ ಸೂಜಿ, ತನ್ನದೇ ಬಣ್ಣದ ದಾರ. ಆರು ವರ್ಷದ ಹಿಂದೆ ಹೀಗೇ ಪೋಣಿಸಿಕೊಂಡು ಹೋದ ಅಂಚೆಯವನಿಗೆ ಚಳಿಜ್ವರ ಬಂತು, ಕಾಲಿನಲ್ಲಿ ಕೆಂಪು ಗೆರೆಯೊಂದು ಮೇಲಕ್ಕೆ ಹತ್ತಿತು. ಎರಡು ದಿನ ತಡವಾಗಿ ಆಸ್ಪತ್ರೆ ಸೇರಿದವನನ್ನು ಮೊಣಕಾಲಿನ ಕೆಳಗೆ ಏನೂ ಇಲ್ಲದೆ ಮನೆಗೆ ಕಳಿಸಿದರು.

"ಆದರೆ ನಿನ್ನೆ ನೀನೇ ನೋಡಿದೆಯಲ್ಲ ಅವನ ಕಾಲು?" ಎಂದಳು ತಂಗಿ.

ನೋಡಿದ್ದಳು. ಮೊದಲ ಕಾಲು ನೋಡಿ ಮುಗಿಸುವಾಗ ಒಳಗೆ ಹಾಲು ಉಕ್ಕಿತೆಂದು ಎದ್ದು ಹೋಗಿದ್ದಳು. ಬಂದಾಗ ಟೈಲರ್ ವಿನಯದಿಂದ, "ಇನ್ನೊಂದು ಕಾಲು, ಅಕ್ಕಾ" ಎಂದು ಚಾಚಿದ್ದ. ಕಿರುಬೆರಳ ಬುಡದಲ್ಲಿ ಮಚ್ಚೆ. "ಎರಡೂ ಕಾಲಲ್ಲಿ ಒಂದೇ ಜಾಗದಲ್ಲಿ ಮಚ್ಚೆ! ಪುಣ್ಯವಂತ ನೀನು" ಎಂದು ಅಕ್ಕ ಹೊಗಳಿಯೂ ಬಿಟ್ಟಿದ್ದಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಅಕ್ಕ ಹಣೆ ಚಚ್ಚಿಕೊಂಡಳು. "ಬಲಗಾಲನ್ನೇ ಎರಡು ಸಲ ತೋರಿಸಿದ್ದಾನೆ ಕಣೇ!"

ಟೈಲರ್ ಐದಕ್ಕೇ ಹೊರಟಿದ್ದ. ಅವನ ಹತ್ತಿರ ಫೋನಿಲ್ಲ. ಗಿರಣಿಯವನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ, ಗಿರಣಿ ಓಡುವಾಗ ಪಕ್ಕದಲ್ಲಿ ಸಿಡಿಲು ಬಿದ್ದರೂ ಅವನಿಗೆ ಕೇಳಿಸದು. ಕಾಲುಸೇತುವೆಯ ಮೇಲೆ ವಾಹನ ಹೋಗದು.

"ನಾನು ಓಡ್ತೀನಿ" ಎಂದಳು ತಂಗಿ.

"ನೀನು ಹೋದರೆ ನಿನಗೂ ಬಲಗಾಲೇ ತೋರಿಸ್ತಾನೆ. ನೀನಿಲ್ಲಿ ಕೂತು ಗಿರಣಿಗೆ ಫೋನು ಒತ್ತುತ್ತಾ ಇರು. ಎತ್ತೋವರೆಗೂ ಬಿಡಬೇಡ."

ಹೀಗೆ, ಇತಿಹಾಸದಲ್ಲಿ ಮೊದಲ ಬಾರಿಗೆ, ಸೇತುವೆಯಕ್ಕ ನಲವತ್ತನೆಯ ಹೆಜ್ಜೆ ಇಟ್ಟಳು. ಹೊಳೆ ಉಕ್ಕಲಿಲ್ಲ, ಆಕಾಶ ಗುಡುಗಲಿಲ್ಲ. ಮನೆಯೊಳಗೆ ಹಾಕುವ ಹವಾಯಿ ಚಪ್ಪಲಿಯಲ್ಲೇ ಬಂದಿದ್ದೇನೆಂದು ಸೇತುವೆಯ ನಡುವೆ ಗೊತ್ತಾಯಿತು. ಹಿಂತಿರುಗಲು ಪುರುಸೊತ್ತಿರಲಿಲ್ಲ.

ಆಚೆ ದಡದ ಧೂಳಿನಲ್ಲಿ ಅವನ ಹೆಜ್ಜೆ ಗುರುತಿತ್ತು. ಬಲಗಾಲು ಪೂರ್ತಿ, ಎಡಗಾಲಿನ ತುದಿ ಮಾತ್ರ. ಒಂದು ಗಂಟೆ ನಡೆಯುವುದರೊಳಗೆ ಎಡದ ಗುರುತು ಹೆಜ್ಜೆಯಾಗಿ ಉಳಿಯದೆ ಎಳೆದ ಗೀರಾಯಿತು. ಅಕ್ಕ ಬಿರುಸಾಗಿ ನಡೆದಳು. ಇಪ್ಪತ್ತೆರಡು ವರ್ಷ ಪಾದಗಳನ್ನು ಓದಿದವಳಿಗೆ ಆ ಗೀರು ಓದಲು ಕನ್ನಡಕ ಬೇಕಿರಲಿಲ್ಲ.

ಕವಲು ಸಿಕ್ಕಿತು. ಗೀರು ಎಡಕ್ಕೆ ತಿರುಗಿತ್ತು. ಸದ್ಯ, ಇನ್ನು ಹತ್ತು ನಿಮಿಷ ಎಂದು ಉಸಿರು ಬಿಟ್ಟು ಅಕ್ಕ ಎಡಕ್ಕೆ ತಿರುಗಿದಳು. ತಿರುಗಿದವಳು ಅಲ್ಲೇ ನಿಂತುಬಿಟ್ಟಳು.

ಎದುರಿಗೆ ಗೋಡೆ ನಿಲ್ಲಿಸಿದ ಹಾಗೆ ಏರು. ಅದರ ನೆತ್ತಿಯಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡದಾಗಿ, ಗಿರಣಿ.

ಹತ್ತು ನಿಮಿಷವಂತೆ! ಒಂದೂವರೆ ಗಂಟೆಗೆ ಒಂದು ಉಸಿರೂ ಕಡಿಮೆಯಿಲ್ಲ. ಯಾರು ಹೇಳಿದ್ದು ಹತ್ತು ನಿಮಿಷ ಅಂತ? ಎಲ್ಲರೂ. ಬಂದವರೆಲ್ಲ ಬೆಚ್ಚಗಿನ ಹಲಗೆಯ ಬಗ್ಗೆ, ಕಿಟಕಿಯ ಗಾಳಿಯ ಬಗ್ಗೆ ಬಾಯಿ ಚಪ್ಪರಿಸಿ ಹೇಳಿ, "ಏರು ಒಂಚೂರು ಇದೆ, ಬಿಡಿ" ಎಂದಿದ್ದರು. ಅಷ್ಟು ಸುಖದ ಹಾಸಿಗೆ ಸಿಕ್ಕಮೇಲೆ ಅದಕ್ಕೆ ಮೊದಲು ಹತ್ತಿದ್ದು ಯಾರ ನೆನಪಿನಲ್ಲಿ ಉಳಿಯುತ್ತದೆ? ಅವರ ಮರೆವನ್ನೆಲ್ಲ ಒಟ್ಟುಮಾಡಿ ಅಕ್ಕ ದಾರಿಯ ಅಳತೆ ಮಾಡಿದ್ದಳು. ಅದನ್ನು ನಂಬಿ ಜ್ವರದ ಮನುಷ್ಯನೊಬ್ಬ ಈ ಏರು ಹತ್ತಿದ್ದ.

ಅಕ್ಕ ಹತ್ತತೊಡಗಿದಳು. ಚಪ್ಪಲಿಯ ಬಾರು ಕಿತ್ತುಹೋಯಿತು, ಕೈಯಲ್ಲಿ ಹಿಡಿದು ಹತ್ತಿದಳು. ಅಂಗಾಲಿನಲ್ಲಿ ಗುಳ್ಳೆ ಎದ್ದಿತು. ಯಾರ್‍ಯಾರ ಕಾಲನ್ನೋ ಒತ್ತಿ "ಇಷ್ಟಕ್ಕೇ ಅಳ್ತೀರಾ?" ಎಂದು ರೇಗಿಸಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅರ್ಧ ಏರಿನಲ್ಲಿ ಗೀರು ನಿಂತೇಹೋಯಿತು. ಮುಂದೆ ಧೂಳು ನುಣುಪಾಗಿತ್ತು.

"ಟೈಲರ್! ಏ ಟೈಲರಪ್ಪಾ!"



ದಾರಿಯ ಬದಿಗೆ ಹಾಳುಬಿದ್ದ ಪಂಪ್‌ಶೆಡ್ಡೊಂದಿತ್ತು, ತಗಡಿನ ಸೂರು, ಕಲ್ಲಿನ ಕಟ್ಟೆ. ಕಟ್ಟೆ ಜನ ಕೂತು ಕೂತು ನುಣುಪಾಗಿತ್ತು. ಇಲ್ಲಿ ಕೂರದೆ ಮುಂದೆ ಹೋದ ಯಾತ್ರಿಕನಿಲ್ಲ ಎಂಬುದು ಅದರ ಹೊಳಪಿನಲ್ಲೇ ಗೊತ್ತಾಗುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬನೂ ಅದರ ಸುದ್ದಿ ಹೇಳಿರಲಿಲ್ಲ. ಒಳಗೆ ಟೈಲರ್ ಮುದುಡಿ ಬಿದ್ದಿದ್ದ, ತುಟಿ ಒಣಗಿತ್ತು. ಅಕ್ಕನನ್ನು ಕಂಡವನೇ ಎಡಗಾಲನ್ನು ಚೀಲದ ಹಿಂದೆ ಸರಿಸಿದ.

"ಸತ್ತರೂ ಬುದ್ಧಿ ಬರಲ್ಲ ನಿನಗೆ. ಚಾಚು."

"ನೀವು... ಸೇತುವೆ ದಾಟಿದ್ರಾ?"

"ಚಾಚು ಅಂದೆ! ಮಚ್ಚೆ ಇಲ್ಲದ್ದು!"

ಶೂ ಬಿಚ್ಚಿದಳು. ಹಿಮ್ಮಡಿ ಊದಿಕೊಂಡು ಹೊಳೆಯುತ್ತಿತ್ತು, ಅದರೊಳಗಿಂದ ನೀಲಿ ದಾರದ ಉಳಿದ ತುಂಡು ಇಣುಕುತ್ತಿತ್ತು. ಕೆಂಪು ಗೆರೆ ಮೀನಖಂಡವನ್ನು ಹತ್ತಿ ಮೊಣಕಾಲಿಗೆ ನಾಲ್ಕು ಬೆರಳು ಕೆಳಗಿತ್ತು. ಮೇಲೆ ಗಿರಣಿಯ ಸದ್ದು ಟಕಟಕ ಕೇಳುತ್ತಲೇ ಇತ್ತು. ಆ ಸದ್ದು ಇರುವವರೆಗೆ ತಂಗಿಯ ಫೋನು ಯಾರಿಗೂ ಕೇಳಿಸದು. ಅವನನ್ನು ಹೊತ್ತು ಇಳಿಯಲು ಆಕೆಯಿಂದಾಗದು, ಬಿಟ್ಟು ಹತ್ತಲು ಮನಸ್ಸಾಗದು.

"ಯಾಕಪ್ಪಾ ಮುಚ್ಚಿಟ್ಟೆ?"

"ನಮ್ಮ ಭಾವಮೈದ... ನಾಲ್ಕನೇ ದಿನಕ್ಕೆ ಬಸ್ಸು ಹತ್ತಿ ವಾಪಸ್ ಬರ್ತೀಯ ಅಂತ ಮದುವೆ ಮನೇಲಿ ಎಲ್ಲರೆದುರಿಗೆ ಅಂದ. ಇವತ್ತು ನಾಲ್ಕು." ಹಲ್ಲು ಕಟಕಟಿಸಿತು. "ಹತ್ತೇ ನಿಮಿಷ ಅಂದ್ರಲ್ಲಕ್ಕಾ ನೀವು. ಹತ್ತು ನಿಮಿಷ ಹೇಗಾದರೂ ತಡ್ಕೋಬಹುದು ಅಂತ..."

 ಅಕ್ಕ ಅವನ ಬಾಟಲಿಯಲ್ಲಿ ಉಳಿದ ನೀರಿನಿಂದ ಸೆರಗು ನೆನೆಸಿ ಹಣೆಗಿಟ್ಟು, ಕಣ್ಣನ್ನು ಕೆಂಪು ಗೆರೆಯ ಮೇಲಿಟ್ಟು ಕೂತಳು. ನಾಲ್ಕು ಬೆರಳು ಮೂರಾದಂತೆ ಕಂಡಿತು. ಮತ್ತೆ ಅಳೆದಳು. ಮೂರೇ. ಇನ್ನು ಇವನನ್ನು ಬಿಟ್ಟು ಹತ್ತುವುದೇ ಎಂದು ಎದ್ದು ಬಾಗಿಲಿಗೆ ಬಂದಳು.

ಆಗ ಗಿರಣಿ ನಿಂತಿತು.

ಕರೆಂಟು ಹೋಗಿತ್ತು. ಊರಿಗೆ ಊರೇ ಬಯ್ಯುವ ಆ ಕರೆಂಟಿನವರಿಗೆ ಅಕ್ಕ ಮನಸ್ಸಿನಲ್ಲೇ ಕೈಮುಗಿದಳು. ತಂಗಿ ಅದುವರೆಗೆ ಎಂಬತ್ತು ಸಲ ಫೋನು ಒತ್ತಿದ್ದಳಂತೆ, ಎಂಬತ್ತೊಂದನೆಯದಕ್ಕೆ "ಯಾರದು?" ಎಂದಿತು. ಇಪ್ಪತ್ತು ನಿಮಿಷದಲ್ಲಿ ಗಿರಣಿಯವನು ಮೈಯೆಲ್ಲ ಹಿಟ್ಟು ಬಡಿದುಕೊಂಡು, ಟೆಂಪೋದ ಬ್ರೇಕನ್ನು ಕಿರುಚಿಸುತ್ತ ಇಳಿದು ಬಂದ. ಇಬ್ಬರೂ ಸೇರಿ ಟೈಲರನ್ನು ಹಿಟ್ಟಿನ ಚೀಲಗಳ ಮೇಲೆ ಮಲಗಿಸಿದರು. ಬೆಟ್ಟದಾಚೆಯ ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ದಾರ ಕಿತ್ತು, ಕೀವು ತೆಗೆದು, ಸಂಜೆಯಾಗಿದ್ದರೆ ಕಾಲಿನ ಮಾತು ಬೇರೆ ಇತ್ತು ಎಂದರು. ಮಂಪರಿನಲ್ಲೂ ಟೈಲರ್ ಕೇಳಿದ್ದೊಂದೇ: "ಟೆಂಪೋ ಬಸ್ಸಲ್ಲ ತಾನೇ?"

ತಿಂಗಳ ಮೇಲೆ ಅವನು ಕುಂಟುತ್ತ ಛತ್ರಕ್ಕೆ ಬಂದ. ಪಾದಪರೀಕ್ಷೆಯ ಹೊತ್ತು, ಹಜಾರ ತುಂಬಿತ್ತು. ಈಗ ಎರಡೂ ಕಾಲನ್ನು ಒಟ್ಟಿಗೆ ಇಳಿಸಬೇಕೆಂದು ದೊಡ್ಡ ಬೋಗುಣಿ ಬಂದಿತ್ತು. ಅಕ್ಕ ಹೇಳುತ್ತಿದ್ದಳು: "ಕವಲಿನಿಂದ ಒಂದೂವರೆ ಗಂಟೆ. ಅರ್ಧದಲ್ಲಿ ಒಂದು ಪಂಪ್‌ಶೆಡ್ಡು ಸಿಗುತ್ತೆ. ನೋಡೋಕೆ ಏನೂ ಇಲ್ಲ. ಆದರೂ ಕೂತು ಹೋಗಿ."

ಟೈಲರ್ ಎದ್ದು ನಿಂತು ಎಲ್ಲರಿಗೂ ಕತೆ ಹೇಳಿದ. ಅವನ ಕತೆಯಲ್ಲಿ ಹೊಳೆ ಉಕ್ಕಿತ್ತು, ಆಕಾಶ ಗುಡುಗಿತ್ತು, ತನ್ನೊಂದು ಕಾಲಿಗಾಗಿ ಅಕ್ಕ ಇಪ್ಪತ್ತೆರಡು ವರ್ಷದ ಘೋರ ವ್ರತವನ್ನು ಮುರಿದಿದ್ದಳು.  ಕೊನೆಗೆ ಅವನು ಕೈಮುಗಿದು, ಯಾರೂ ಕೇಳದ್ದನ್ನು ಕೇಳಿಯೇಬಿಟ್ಟ.

"ಅಕ್ಕಾ, ಇವತ್ತಾದರೂ ಹೇಳಿ. ಇಷ್ಟು ವರ್ಷ ನೀವು ಆ ಸೇತುವೆ ದಾಟದೇ ಇದ್ದದ್ದು ಯಾಕೆ?"

ಅಕ್ಕ ಯಾರದೋ ಹಿಮ್ಮಡಿ ಉಜ್ಜುತ್ತ, ತಲೆ ಎತ್ತದೆ ಹೇಳಿದಳು:

"ನಡೆಯೋದು ಅಂದ್ರೆ ನನಗೆ ಮೊದಲಿಂದಲೂ ಬೇಜಾರು ಕಣಪ್ಪಾ. ಕಾಲು ನೋಯುತ್ತೆ."