ನನ್ನನ್ನು ಕೊಂದವನಿಗೆ ಆಯೇರಿ

ದಿಗ್ಗೇವಾಡಿಯ ನಾಟಕದಲ್ಲಿ ನಾನು ಖಳನಾಯಕನ ತಮ್ಮನಾಗಿದ್ದೆ. ಕತೆಯಲ್ಲಿ ಹೀರೋನ ತಂದೆಯನ್ನು ಕೊಂದವನು ಆ ಅಣ್ಣ. ನನಗೆ ಅದರ ಸುಳಿವೂ ಇಲ್ಲ. ಆದರೂ ಸೇಡಿನ ಭರದಲ್ಲಿ ಹೀರೋ ಮೊದಲು ನನ್ನನ್ನೇ ಬೆನ್ನಿಗೆ ಇರಿದ. ಜನ ಸೀಟಿ ಹೊಡೆದರು. ಮೆಚ್ಚಿದ ನಟನಿಗೆ ನಾಟಕ ನಿಲ್ಲಿಸಿ ಆಯೇರಿ, ಅಂದರೆ ಉಡುಗೊರೆ, ಮಾಡುವುದು ನಮ್ಮ ಕಡೆಯ ರೂಢಿ. ಹೆಣವಾಗಿ ಬಿದ್ದಿದ್ದ ನನಗೆ ಮೈಕಿನಲ್ಲಿ ನನ್ನ ಸೋದರಮಾವನ ಹೆಸರು ಕೇಳಿಸಿತು. ಅವನು ನನ್ನನ್ನು ದಾಟಿಕೊಂಡು ಹೋಗಿ ಕೊಂದವನ ತಲೆಗೆ ಪಟಗಾ ಸುತ್ತಿದ. ಸತ್ತವನು ಏಳುವಂತಿರಲಿಲ್ಲ.

ನಾಟಕ ಮುಗಿದ ಮೇಲೆ ಬಣ್ಣವನ್ನೂ ಅಳಿಸದೆ ಕೇಳಿದೆ: "ಮಾಮಾ, ನಂದೇನ ತಪ್ಪಿತ್ತು? ತಪ್ಪಿಲ್ಲದವನ್ನ ಕೊಂದ ಮ್ಯಾಲ ಆ ಹೀರೋನೂ ಖಳನಾಯಕನ ಅಲ್ಲೇನು?"

"ಖರೇ ಐತಿ, ನಿಂದೇನೂ ತಪ್ಪಿಲ್ಲ," ಎಂದ ಮಾವ. "ಆದ್ರ ಏನ್ ಛಂದ ಹೊಡದಾನ್ಲೇ ಅಂವ!"

ಈಗಲೂ ಮಾವನ ಮನೆಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತೇನೆ.