ಒಂದೇ ಕಡೆ ನೋಡಿದ ಎರಡು ಹಕ್ಕಿಗಳು

ಉಳಿಯಣ್ಣನ ಕಥೆ ಹೇಳುವುದಕ್ಕೆ ನಾನೇನೂ ಅವನ ನೆಂಟನಲ್ಲ. ಅವನು ಕೆತ್ತಿದ ಮರಕ್ಕೆ ಇಪ್ಪತ್ತೆರಡು ವರ್ಷ ಪಾಲಿಶ್ ಹೊಡೆದವನು. ಕೆತ್ತುವವನ ಯೋಗ್ಯತೆ ತಿಳಿಯಬೇಕಾದರೆ ಕೆತ್ತನೆಯ ಸಂದಿಗೊಂದಿಗಳಿಗೆ ಬಟ್ಟೆ ತುರುಕಿ ಒರೆಸಬೇಕು. ಕಳ್ಳಗೆಲಸವೆಲ್ಲ ಅಲ್ಲೇ ಸಿಕ್ಕಿಬೀಳುತ್ತದೆ. ಇವನದರಲ್ಲಿ ನನಗೆ ಏನೂ ಸಿಗಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಕೆಲಸ ಕಲಿಸಿದ್ದು ಅವನ ಅಪ್ಪ. ಒಂದು ವರ್ಷ ಪೂರ್ತಿ ಒಂದೇ ನಮೂನೆಯ ಎಲೆ ಕೆತ್ತಿಸಿ, ಸಂಜೆಯಾದರೆ ಅದನ್ನು ಒಲೆಗೆ ಹಾಕುತ್ತಿದ್ದನಂತೆ. ಪಕ್ಕದಲ್ಲೇ ಕಣ್ಣರಳಿಸಿಕೊಂಡು ಕೂರುತ್ತಿದ್ದ ತಂಗಿಗೆ ಅಪ್ಪ ಉಳಿ ಕೊಡಲಿಲ್ಲ, ಪೆನ್ಸಿಲ್ ಕೊಟ್ಟ. ಹಾಗೆ ಅಣ್ಣ ಕೆತ್ತುವವನಾದ, ತಂಗಿ ಗೆರೆ ಎಳೆಯುವವಳಾದಳು. ನಮ್ಮ ಕಾರ್ಖಾನೆಗೆ ಇಬ್ಬರೂ ಒಟ್ಟಿಗೇ ಸೇರಿದರು. ಅವಳು ಹಲಗೆಯ ಮೇಲೆ ಚಿತ್ರ ಇಳಿಸಿ ಕೊಡುವುದು, ಇವನು ಗೆರೆ ಹಿಡಿದು ಕೆತ್ತುವುದು. ಐವತ್ತು ದಾಟಿದ ತಂಗಿಯನ್ನು ಇವನು ಈಗಲೂ ‘ಪುಟ್ಟಿ’ ಎಂದೇ ಕರೆಯುತ್ತಿದ್ದ. ನಮಗೆಲ್ಲ ಅವಳು ಗೆರೆಯಕ್ಕ.

ಬೆಳಿಗ್ಗೆ ಬಂದವನೇ ಉಳಿಗಳನ್ನು ಸಾಣೆಕಲ್ಲಿಗೆ ಹಿಡಿದು, ಎಡ ಮುಂಗೈಯ ಕೂದಲು ಬೋಳಿಸಿ ಹರಿತ ನೋಡುತ್ತಿದ್ದ.

“ಏನಪ್ಪಾ, ಒಂದೇ ಕೈಗೆ ಕ್ಷೌರ ಮಾಡಿಸ್ಕೊಂಡಿದ್ದೀಯಾ?” ಎಂದು ನಾನು ಛೇಡಿಸಿದರೆ, “ಇನ್ನೊಂದು ಕೈಗೆ ನೀನು ಮಾಡು ಬಾ” ಅನ್ನುತ್ತಿದ್ದ. ದಿನವಿಡೀ ಅವನು ಆಡುತ್ತಿದ್ದ ಮಾತು ಅಷ್ಟೇ.

ಅವನ ಕಣ್ಣು ಮಂಜಾಗುತ್ತಿದ್ದದ್ದು ನನಗೆ ಗೊತ್ತಾಗಿತ್ತು. ಮೂಗು ಹಲಗೆಗೆ ತಾಗುವಷ್ಟು ಬಾಗುತ್ತಿದ್ದ. ಆಪರೇಷನ್ನಿಗೂ ಬಗ್ಗದ ಕಾಯಿಲೆ ಎಂದು ಡಾಕ್ಟರು ಕೈಚೆಲ್ಲಿದ್ದರಂತೆ. ಕಣ್ಣು ಹೋದ ಕೆತ್ತನೆಯವನಿಗೆ ನಮ್ಮಲ್ಲಿ ಒಂದೇ ಜಾಗ: ಹಿಂದಿನ ಶೆಡ್ಡಿನಲ್ಲಿ ಸ್ಯಾಂಡ್ ಪೇಪರ್ ಹಿಡಿದು ಮರ ಉಜ್ಜುವುದು. ಅದಕ್ಕೆ ಹೆದರಿ ಅವನು ಯಾರಿಗೂ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಡಾಕ್ಟರ ವಿಷಯ ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ ಎದುರಾಗಿ ಸಿಕ್ಕಿಬಿದ್ದಾಗ. ನಾನೂ ಬಾಯಿ ಬಿಡಲಿಲ್ಲ. ಊರ ಉಸಾಬರಿ ನನಗೇಕೆ?

ಆಗ ಒಂದು ದೊಡ್ಡ ಮನೆಯ ಜೋಡಿ ಬಾಗಿಲ ಕೆಲಸ ಬಂತು. ಕದಕ್ಕೊಂದು ಹಕ್ಕಿ, ಬಾಗಿಲು ಮುಚ್ಚಿದರೆ ಎರಡೂ ಮುಖಾಮುಖಿಯಾಗಬೇಕು. ಅಂದರೆ ಮೊದಲ ಕದಕ್ಕೆ ಇಳಿಸಿದ ಚಿತ್ರವನ್ನು ಮಗುಚಿ ಎರಡನೆಯದಕ್ಕೆ ಇಳಿಸಬೇಕು. ಗೆರೆಯಕ್ಕ ಮಗುಚಿಯೇ ಇಳಿಸಿದಳು. ಕಾರ್ಬನ್ ಹಾಳೆಯ ಗೆರೆ ಮೂಡಿದ್ದೇ ತಡ, ಹಲ್ಲುನೋವು ತಾಳಲಾರದೆ ಹಲ್ಲು ಕೀಳಿಸಲು ಹೋದಳು. ವಸಡು ಕೀವಾಗಿ ಎರಡು ವಾರ ಬರಲಿಲ್ಲ.

ಆ ಎಳೆಯಂಥ ಗೆರೆ ಉಳಿಯಣ್ಣನಿಗೆ ಕಾಣಲೇ ಇಲ್ಲ. ಯಾರನ್ನಾದರೂ ಕರೆದು ಕೇಳಿದರೆ ಗುಟ್ಟು ರಟ್ಟು. ಮುಗಿದಿದ್ದ ಮೊದಲ ಕದವನ್ನು ಪಕ್ಕಕ್ಕೆ ಎಳೆದುಕೊಂಡು, ಅದನ್ನು ಬೆರಳಲ್ಲಿ ತಡವುತ್ತಾ, ತಡವಿದ್ದನ್ನೇ ಹೊಸ ಹಲಗೆಗೆ ಕೆತ್ತಿದ. ಆಳ ನೋಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ ನಾನು. ಒಂದೊಂದು ಗರಿಯೂ ಅಚ್ಚುಕಟ್ಟು. ಆದರೆ ತಡವುವ ಗಡಿಬಿಡಿಯಲ್ಲಿ ಮಗುಚಬೇಕೆಂಬುದೇ ಅವನಿಗೆ ಮರೆತುಹೋಗಿತ್ತು. ಬೆರಳಿಗೆ ಸಿಕ್ಕಿದ್ದು ಎಡಕ್ಕೆ ತಿರುಗಿದ ಹಕ್ಕಿ, ಹಲಗೆಯಲ್ಲಿ ಎದ್ದದ್ದೂ ಎಡಕ್ಕೆ ತಿರುಗಿದ ಹಕ್ಕಿಯೇ.

ಕದ ಜೋಡಿಸಿ ನಿಲ್ಲಿಸಿದ ದಿನ ಗೆರೆಯಕ್ಕನೂ ಕೆಲಸಕ್ಕೆ ಬಂದಿದ್ದಳು. ಒಂದು ಹಕ್ಕಿ ಇನ್ನೊಂದರ ಬಾಲ ನೋಡುತ್ತಿತ್ತು.

“ಇದೇನ್ರೀ ಇದು, ಗಂಡ ಹೆಂಡ್ತಿ ಮುನಿಸ್ಕೊಂಡ ಹಾಗಿದೆ!” ಎಂದರು ಯಜಮಾನರು.

ತಪ್ಪು ಯಾರದೆಂದು ಯಾರೂ ಯೋಚಿಸಲಿಲ್ಲ. ಹಲ್ಲುನೋವಿನಲ್ಲಿ ಗೆರೆಯಕ್ಕನಿಗೆ ತಲೆ ಓಡಿಲ್ಲ, ಕಾಗದ ಮಗುಚುವುದನ್ನು ಮರೆತಿದ್ದಾಳೆ, ಅಷ್ಟೇ. ಕೆತ್ತಿದ ಮೇಲೆ ಗೆರೆ ಉಳಿಯುವುದಿಲ್ಲವಲ್ಲ, ಅವಳ ಪರ ತೋರಿಸಲು ಏನೂ ಇರಲಿಲ್ಲ. ಯಜಮಾನರು ಬಾಯಿಗೆ ಬಂದಂತೆ ಬೈದು, “ನಾಳೆಯಿಂದ ಬರೋದು ಬೇಡಮ್ಮ, ಬೇರೆಯವರನ್ನ ನೋಡ್ಕೋತೀನಿ” ಅಂದುಬಿಟ್ಟರು.

ಗೆರೆಯಕ್ಕ ಇನ್ನೂ ಊದಿಕೊಂಡಿದ್ದ ಕೆನ್ನೆಗೆ ಕೈ ಒತ್ತಿಕೊಂಡು “ಆಯ್ತು” ಎಂದಳು. ಮಗುಚಿಯೇ ಇಳಿಸಿದ್ದೆ ಅಂತ ಒಂದು ಮಾತು? ಇಲ್ಲ. ಚೀಲ ಹೆಗಲಿಗೇರಿಸಿ ಹೊರಬಾಗಿಲಿನತ್ತ ನಡೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಉಳಿಯಣ್ಣ ತಲೆ ತಗ್ಗಿಸಿ ಕೂತಿದ್ದ.

“ಯಜಮಾನ್ರೇ,” ಎಂದ ಕೊನೆಗೆ. “ಅವಳು ಸರಿಯಾಗೇ ಇಳ್ಸಿದ್ಲು. ನಂಗೇ ಕಣ್ಣು ಕಾಣಲ್ಲ. ಬೆರಳಲ್ಲಿ ತಡವಿ ಕೆತ್ತಿದೆ. ತಪ್ಪು ನಂದು.”

ಯಜಮಾನರು ಅವನ ಕಡೆ ತಿರುಗಿದರು. “ಮೊದ್ಲೇ ಹೇಳಬಾರದಿತ್ತೇನಯ್ಯಾ? ನಾಳೆಯಿಂದ ಶೆಡ್ಡಿಗೆ ಹೋಗು. ನೀವು ಇರೀಮ್ಮ, ತಪ್ಪು ತಿಳ್ಕೋಬೇಡಿ,” ಎಂದು ಒಳಗೆ ಹೋದರು.

ಸದ್ಯ, ಇವಳಾದರೂ ಉಳಿದಳಲ್ಲ ಎಂದು ನಾನು ಉಸಿರು ಬಿಟ್ಟೆ. ಗೆರೆಯಕ್ಕ ಚೀಲ ನೆಲಕ್ಕೆಸೆದು ಅಣ್ಣನ ಮುಂದೆ ಬಂದು ನಿಂತಳು.

“ಯಾರು ಕೇಳಿದ್ರು ನಿನ್ನ? ನಿನ್ನ ಕಣ್ಣಿನ ವಿಷಯ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಮೂರು ವರ್ಷದಿಂದ ಕಾರ್ಬನ್ ಗೆರೆ ಮೇಲೆ ಪೆನ್ಸಿಲಲ್ಲಿ ದಪ್ಪಗೆ ಇನ್ನೊಂದ್ಸಲ ಎಳೀತಿದ್ದೆನಲ್ಲ, ಯಾರಿಗೋಸ್ಕರ? ಹಲ್ಲುನೋವು ಅಂತ ಒಂದು ಹಲಗೆ ಬಿಟ್ಟೆ. ನಾನು ಬೈಸ್ಕೊಂಡು ಹೋಗ್ತಿದ್ದೆ, ನೀನು ಕೆತ್ಕೊಂಡು ಇರ್ತಿದ್ದೆ. ಎಲ್ಲಾ ಹಾಳು ಮಾಡ್ದೆ!”

“ಆ ದಪ್ಪ ಗೆರೆ ನನಗೋಸ್ಕರ ಅಂತ ನಂಗೂ ಗೊತ್ತಿತ್ತು ಪುಟ್ಟಿ,” ಎಂದ ಉಳಿಯಣ್ಣ. “ನೀನು ಹೋದ್ಮೇಲೆ ಅದನ್ನ ಯಾರು ಎಳೀತಿದ್ರು?”

ಅವಳು ಅಲ್ಲೇ ಮರದ ಚೂರುಗಳ ಮೇಲೆ ಕೂತು ಅತ್ತಳು. ನನಗೂ ಅಳು ಬಂತು. ಉಳಿಯಣ್ಣ ನಾಳೆಯವರೆಗೂ ಕಾಯದೆ ಎದ್ದು, ಗೋಡೆ ಹಿಡಿದುಕೊಂಡು ಶೆಡ್ಡಿನ ಕಡೆ ನಡೆದ.