ಇನ್ಸಾಫ್ ಕೇಳದೆ ಬಿಟ್ಟದ್ದು

ಮಹಲ್ಲಾ ಊರಿನ ಗಿರಣಿಗಳಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರು ಮಾತಾಡುವಾಗ ಎದುರಿನವರ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾರೆ. ಮಗ್ಗದ ಸದ್ದು ಅವರ ಕಿವಿಯನ್ನು ದಿನಕ್ಕಿಷ್ಟು ಅಂತ ತಿಂದುಹಾಕಿರುತ್ತದೆ. ಇನ್ಸಾಫ್‌ಳ ತಂದೆಯೂ ಹಾಗೇ ಇದ್ದರು. ಆದ್ದರಿಂದಲೇ ಅವಳಿಗೆ ಚಿಕ್ಕಂದಿನಿಂದ ಎರಡು ಅಭ್ಯಾಸ: ಬಾಯಿ ಅಗಲಿಸಿ ಬಿಡಿಬಿಡಿಯಾಗಿ ಮಾತಾಡುವುದು, ಮಾತಾಡುವ ಮುಂಚೆ ಎದುರಿನವರ ತೋಳು ಮುಟ್ಟುವುದು. ಅಂಗಡಿಗೆ ಮೊದಲ ಸಲ ಬಂದ ಗಿರಾಕಿಗಳು ಇದರಿಂದ ಸ್ವಲ್ಪ ಗಾಬರಿಯಾಗುತ್ತಾರೆ. ಆಮೇಲೆ ಇನ್ನೊಂದು ಗಾಬರಿ ಕಾದಿರುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು, "ಬಾಶ್‌ಮುಹಂದಿಸ್ ಎಲ್ಲಮ್ಮಾ? ಯಾವಾಗ ಬರ್ತಾರೆ ಇಂಜಿನಿಯರ್ ಸಾಹೇಬ್ರು?" ಅಂತ ಕೇಳುತ್ತಾರೆ. ಇನ್ಸಾಫ್ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು, "ಬಂದು ಐವತ್ತೆರಡು ವರ್ಷ ಆಯ್ತು, ಕೂತ್ಕೊಳ್ಳಿ" ಅನ್ನುತ್ತಾಳೆ.

ಈ ವಿದ್ಯೆ ಅವಳಿಗೆ ಕೊಟ್ಟದ್ದು ಗಿರ್ಗಿಸ್; ಕಸುಬಿನ ಗುರುವೆಂದು ಎಲ್ಲರೂ ಅವರನ್ನು ಉಸ್ತಾ ಅನ್ನುತ್ತಾರೆ. ಮೂವತ್ತೊಂದನೆಯ ವಯಸ್ಸಿನಲ್ಲಿ ಅವಳು ಅವರ ಟಿ.ವಿ. ರಿಪೇರಿ ಅಂಗಡಿಗೆ ಸೇರಿದ್ದು ಬಂದವರ ಹೆಸರು ಬರೆದುಕೊಳ್ಳುವುದಕ್ಕೆ, ಚೀಟಿ ಅಂಟಿಸುವುದಕ್ಕೆ. ಕೆಲಸ ಇಲ್ಲದ ಹೊತ್ತಿನಲ್ಲಿ ಅವಳು ಮೇಜಿನ ಆ ಕಡೆ ನಿಂತು ಅವರ ಕೈ ನೋಡುತ್ತಿದ್ದಳು. ಒಂದು ದಿನ ಅವರು ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು. "ಆ ಕಡೆಯಿಂದ ನೋಡಿದ್ರೆ ಎಲ್ಲಾ ತಲೆಕೆಳಗೆ ಕಾಣತ್ತೆ, ಮಗಳೇ. ಈ ಕಡೆ ಬಾ" ಅಂದರು. ಅಷ್ಟೇ. ಬೀದಿಯ ಉಳಿದ ಮೆಕ್ಯಾನಿಕ್‌ಗಳು ನಕ್ಕರು. ಮಸೀದಿ ಪಕ್ಕದ ಒಬ್ಬನಂತೂ, ಗಿರ್ಗಿಸ್ ಇನ್ನು ಮೇಲೆ ಟಿ.ವಿ.ಗೆ ಮದರಂಗಿ ಹಾಕಿ ಕಳಿಸ್ತಾರಂತೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ. ಉಸ್ತಾ ಕುರ್ಚಿಯನ್ನು ಮತ್ತೆ ಆ ಕಡೆ ಸರಿಸಲಿಲ್ಲ. ಕೈಕಸುಬಿನವರು ಸಾಮಾನ್ಯವಾಗಿ ಒಂದಾದರೂ ಗುಟ್ಟನ್ನು ಬಚ್ಚಿಟ್ಟುಕೊಳ್ಳುತ್ತಾರೆ. ಉಸ್ತಾ ಏನನ್ನೂ ಬಚ್ಚಿಡಲಿಲ್ಲ. ದಪ್ಪ ಗಾಜಿನ ಟಿ.ವಿ. ಹೋಗಿ ತೆಳ್ಳನೆಯದು ಬಂದಾಗ, ಆಮೇಲೆ ಕಂಪ್ಯೂಟರ್ ಬಂದಾಗ, ತಮಗೆ ಇದು ಹತ್ತುವುದಿಲ್ಲ ಎಂದು ಅವಳನ್ನೇ ತಾಂತಾ ಪಟ್ಟಣಕ್ಕೆ ಕಲಿಯಲು ಕಳಿಸಿದರು. ಅವರು ಕೆಲಸ ನಿಲ್ಲಿಸಿದ ಮೇಲೆ ಅದೇ ಮೇಜು, ಅದೇ ದೀಪದೊಂದಿಗೆ ಅವಳು ತನ್ನ ಮನೆಯ ಮುಂಗೋಣೆಯಲ್ಲಿ ಅಂಗಡಿ ತೆರೆದಳು. ನಮಾಜಿನ ಕೊನೆಯಲ್ಲಿ ತಂದೆಯ ಹೆಸರು ಹೇಳಿದ ಮೇಲೆ ಅವಳು ಗಿರ್ಗಿಸ್ ಹೆಸರನ್ನೂ ಹೇಳುತ್ತಾಳೆ. ಅವರು ಇಗರ್ಜಿಗೆ ಹೋಗುವವರು ಅನ್ನುವುದು ಅವಳಿಗೆ ಎಂದೂ ಅಡ್ಡ ಬಂದಿಲ್ಲ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮದಾಮ್ ಇಸ್ಮತ್ ದಿಂಬಿನ ಗವಸಿನಲ್ಲಿ ಸುತ್ತಿದ ಲ್ಯಾಪ್‌ಟಾಪ್ ತಂದಿಟ್ಟಳು. ರೊಟ್ಟಿ ಅಂಗಡಿಯ ಮೇಲಿನ ಮಹಡಿಯಲ್ಲಿ ಧರ್ಮಕ್ಕೆ ನಡೆಯುವ ಕಿವಿಯ ಚಿಕಿತ್ಸಾಲಯವೊಂದಿದೆ. ಶ್ರವಣಯಂತ್ರಗಳನ್ನು ಒಬ್ಬೊಬ್ಬರ ಕಿವಿಗೆ ತಕ್ಕಂತೆ ಹೊಂದಿಸಿ ಕೊಡುವ ಕೆಲಸ ಇಸ್ಮತ್‌ಳದು. ಹೊಂದಿಸದೆ ಹಾಕಿಕೊಂಡರೆ ಯಂತ್ರ ಸಿಳ್ಳೆ ಹೊಡೆಯುತ್ತದೆ, ಅಷ್ಟೇ. ಹೊಂದಿಸುವ ಡಬ್ಬಿ ಹಳೆಯದು, ಅದರ ಅಗಲ ಪ್ಲಗ್ಗಿನ ತಂತಿ ಈಗಿನ ಲ್ಯಾಪ್‌ಟಾಪ್‌ಗಳಿಗೆ ಕೂರುವುದಿಲ್ಲ. ಅದರ ತಂತ್ರಾಂಶವೂ ಈ ಒಂದೇ ಲ್ಯಾಪ್‌ಟಾಪನ್ನು ಬಿಟ್ಟು ಬೇರೆಲ್ಲೂ ಬಾಗಿಲು ತೆರೆಯದು. ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ. ಪೇಟೆಯ ಮೂರು ಅಂಗಡಿಗಳಲ್ಲಿ ತೋರಿಸಿದ್ದಳು. ಮೂವರೂ ಎಸೆಯಿರಿ ಅಂದಿದ್ದರು.

"ಗುಂಡಿ ಒತ್ತಿದ್ರೆ ದೀಪ ಕೂಡ ಬರಲ್ಲ, ಅಬ್ಲಾ ಇನ್ಸಾಫ್," ಅಂದಳು ಇಸ್ಮತ್, ಎಲ್ಲರಂತೆ ಅವಳನ್ನು ಅಕ್ಕಾ ಎಂದೇ ಕರೆಯುತ್ತ. "ಇಪ್ಪತ್ಮೂರು ಜನ ಕಾಯ್ತಿದಾರೆ. ಎಲ್ಲಾ ಗಿರಣಿಯವ್ರೇ."

ಆ ಇಪ್ಪತ್ಮೂರರಲ್ಲಿ ಒಬ್ಬರು ಮಾತ್ರ ಗಿರಣಿಯವರಲ್ಲ, ಅದು ಇನ್ಸಾಫ್‌ಗೆ ಗೊತ್ತಿತ್ತು. ಮುಪ್ಪಿಗೆ ಕಿವಿ ಹೋದ ಉಸ್ತಾ ಗಿರ್ಗಿಸ್‌ಗೆ ಹಳೆಯ ಯಂತ್ರ ಕೆಟ್ಟು ನಾಲ್ಕು ತಿಂಗಳಾಗಿತ್ತು. ಹೊಸದು ಬಂದು ಡಬ್ಬಿಯಲ್ಲಿ ಕೂತಿತ್ತು. ಇನ್ಸಾಫ್ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟಳು.

ಮೊದಲು ಗೋಡೆಯ ಪ್ಲಗ್ಗಿಗೆ ದೀಪ ಹಾಕಿ ನೋಡಿದಳು, ಕರೆಂಟು ಇತ್ತು. ಚಾರ್ಜರಿನ ತುದಿಗೆ ಮೀಟರ್ ಹಿಡಿದರೆ ಹತ್ತೊಂಬತ್ತು ವೋಲ್ಟ್ ಸರಿಯಾಗಿ ತೋರಿಸಿತು. ಬ್ಯಾಟರಿ ತೆಗೆದು, ಒಳಗೆ ಉಳಿದ ವಿದ್ಯುತ್ ಇಳಿಯಲೆಂದು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದಳು. ಎಷ್ಟೋ ಹಳೆಯ ಲ್ಯಾಪ್‌ಟಾಪುಗಳು ಇಷ್ಟಕ್ಕೇ ಕಣ್ಣು ಬಿಡುತ್ತವೆ. ಇದು ಬಿಡಲಿಲ್ಲ. ಬಿಚ್ಚಿ, ಎಲ್ಲಕ್ಕಿಂತ ಮುಂಚೆ ಡಿಸ್ಕ್ ಹೊರತೆಗೆದು ಅದರಲ್ಲಿದ್ದದ್ದನ್ನೆಲ್ಲ ಇನ್ನೊಂದಕ್ಕೆ ಇಳಿಸಿಟ್ಟಳು. ಮೆಮೊರಿ ಪಟ್ಟಿಗಳನ್ನು ತೆಗೆದು ಒರೆಸಿ ಒಂದೊಂದಾಗಿ ಹಾಕಿ ನೋಡಿದಳು. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಚಾರ್ಜರಿನ ಪುಟ್ಟ ಹಸಿರು ದೀಪ ತನ್ನಷ್ಟಕ್ಕೆ ಉರಿಯುತ್ತಿದ್ದದ್ದು, ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಆರಿಹೋಗುತ್ತಿತ್ತು. ಒಳಗೆಲ್ಲೋ ಶಾರ್ಟ್ ಆಗಿದೆ.

ಅದನ್ನು ಹುಡುಕುವ ಉಪಾಯ ಇದೆ. ಬೋರ್ಡಿನ ಮೇಲೆ ಸ್ಪಿರಿಟ್ ಸವರಿ, ಸಣ್ಣ ವೋಲ್ಟೇಜ್ ಹರಿಯಬಿಟ್ಟರೆ ಶಾರ್ಟ್ ಆದ ಭಾಗ ಬಿಸಿಯಾಗಿ ಅಲ್ಲಿನ ಒದ್ದೆ ಎಲ್ಲಕ್ಕಿಂತ ಮೊದಲು ಆರುತ್ತದೆ. ಅವಳು ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಎಳ್ಳಿನಷ್ಟು ದೊಡ್ಡ ಒಂದು ಕೆಪಾಸಿಟರ್ ಸುತ್ತ ಒಣಗಿದ ಚುಕ್ಕೆ ಮೂಡಿತು. ಅದನ್ನು ಕಿತ್ತು ಬೇರೆಯದನ್ನು ಬೆಸೆದಳು. ಚಾರ್ಜರ್ ಚುಚ್ಚಿದರೆ ಹಸಿರು ದೀಪ ಆರಲಿಲ್ಲ, ಲ್ಯಾಪ್‌ಟಾಪಿನ ಪಕ್ಕದಲ್ಲಿ ಕೇಸರಿ ದೀಪವೂ ಹತ್ತಿತು. ಬಸ್ ಚಾಲಕನಾದ ಗಂಡ ರಮ್ಜಿಯನ್ನು ಕರೆದು ತೋರಿಸಿ, ನಾಳೆಗೆ ಸಿಹಿ ತಗೊಂಡ್ ಬಾ ಅಂದಳು.

ಕೀಲಿಮಣೆ ಜೋಡಿಸಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ.

ಮೂರು ದಿನ ಅವಳು ಆ ಬೋರ್ಡಿನ ಮೇಲೆ ಬಗ್ಗಿ ಕೂತಳು. ಒಂದೊಂದು ಜಾಗದ ವೋಲ್ಟೇಜ್ ಅಳೆದಳು; ಎಲ್ಲ ಸರಿ ಇತ್ತು. ಸರಿ ಇದ್ದದ್ದೇ ತಲೆನೋವಾಯಿತು. ದೊಡ್ಡ ಚಿಪ್ಪೇ ಸತ್ತಿರಬೇಕು ಅನ್ನುವ ಯೋಚನೆಯೂ ಬಂತು, ಅದಕ್ಕೆ ಮದ್ದಿಲ್ಲ. ರಮ್ಜಿ ತಂದ ರವೆಯ ಸಿಹಿ ಬಸ್ಬೂಸಾ ಕಾಗದದಲ್ಲೇ ಗಟ್ಟಿಯಾಯಿತು. ಎರಡು ಸಲ ಇಸ್ಮತ್ ಬಂದಳು. ಎರಡು ಸಲವೂ ಇನ್ಸಾಫ್ ತಲೆ ಎತ್ತದೆ, ನೋಡ್ತಾ ಇದೀನಿ ಅಂತಷ್ಟೇ ಹೇಳಿ ಕಳಿಸಿದಳು. ನಾಲ್ಕನೆಯ ದಿನ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಉಸ್ತಾ ಗಿರ್ಗಿಸ್ ಮನೆಗೆ ನಡೆದಳು.

ಅವರು ಬಾಲ್ಕನಿಯಲ್ಲಿ ಬಿಸಿಲಿಗೆ ಕೂತು ಬಟಾಣಿ ಬಿಡಿಸುತ್ತಿದ್ದರು. ಹೆಂಡತಿ ಮತೀಲ್ಡಾ ಒಂದು ನೋಟ್‌ಬುಕ್ ತಂದುಕೊಟ್ಟಳು. ನಾಲ್ಕು ತಿಂಗಳಿಂದ ಗಂಡನ ಜೊತೆಗಿನ ಸಂಸಾರವೆಲ್ಲ ಆ ನೋಟ್‌ಬುಕ್ಕಿನಲ್ಲೇ ನಡೆಯುತ್ತಿತ್ತು. ಕಿವಿಗೆ ಏನೂ ಬೀಳದವರಾದ್ದರಿಂದ ಉಸ್ತಾ ತಮ್ಮ ದನಿಯ ಅಳತೆ ಮರೆತಿದ್ದರು. ಅವರು ಆಡಿದ್ದು ಕೆಳಗಿನ ತರಕಾರಿ ಗಾಡಿಯವನಿಗೂ ಕೇಳುತ್ತಿತ್ತು. ಇನ್ಸಾಫ್ ಮಾಡಿದ್ದನ್ನೆಲ್ಲ ಎರಡು ಪುಟ ಬರೆದಳು. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಸ್ಪಿರಿಟ್ ಉಪಾಯ ಓದಿದಾಗ ತಲೆದೂಗಿದರು. ಅದು ಅವರು ಹೇಳಿಕೊಟ್ಟದ್ದಲ್ಲ, ಅವಳೇ ಕಲಿತದ್ದು.

"ಇದೆಲ್ಲಾ ಯಂತ್ರಕ್ಕೆ ಕೇಳಿದ್ದು," ಅಂದರು ಕೊನೆಗೆ. "ಮನುಷ್ಯರಿಗೆ ಕೇಳಿದ್ದು ಎಲ್ಲಿ?"

ಅವಳಿಗೆ ಅರ್ಥವಾಗಲಿಲ್ಲ.

"ಕೆಡೋ ಮುಂಚೆ ಏನಾಯ್ತು ಅಂತ ಆ ಹೆಣ್ಮಗಳಿಗೆ ಕೇಳಿದ್ಯಾ, ಇಲ್ವಾ?"

ಇನ್ಸಾಫ್ ಪುಟದ ಕೊನೆಯಲ್ಲಿ 'ಇಲ್ಲ' ಅಂತ ಬರೆದಳು. ಕೇಳಿರಲಿಲ್ಲ. ಹೊಸ ಗಿರಾಕಿಯಾದರೆ ಬಾಗಿಲಲ್ಲೇ ಕೇಳುತ್ತಿದ್ದಳು. ಅಲ್ಲಿ ಇಪ್ಪತ್ಮೂರು ಜನ, ಇಲ್ಲಿ ಉಸ್ತಾ ಅನ್ನುವ ಅವಸರದಲ್ಲಿ ಅದು ಬಿಟ್ಟೇಹೋಗಿತ್ತು.

"ಕೇಳೋದೂ ಒಂದು ಕೆಲ್ಸ," ಅಂದರು ಉಸ್ತಾ, ಬೀದಿಗೆಲ್ಲ ಕೇಳುವಂತೆ. "ಜನ ಸುಳ್ಳು ಹೇಳಲ್ಲ, ನಾಚ್ಕೋತಾರೆ. ಪೊಲೀಸ್ನೋರ ಥರ ಕೇಳ್ಬೇಡ. ಮೊದ್ಲು ನಿನ್ನ ತಪ್ಪೊಂದು ಹೇಳು, ಆಮೇಲೆ ಅವರು ಅವ್ರದ್ದು ಹೇಳ್ತಾರೆ."

ಕೆಳಗಿನಿಂದ ತರಕಾರಿಯವನು, ನಿಜ ಹೇಳಿದ್ರಿ ಉಸ್ತಾ ಅಂದ. ಅದು ಉಸ್ತಾಗೆ ಕೇಳಲಿಲ್ಲ.

ಇನ್ಸಾಫ್ ನೇರ ಚಿಕಿತ್ಸಾಲಯಕ್ಕೆ ಹೋದಳು. ಬೆಂಚುಗಳು ಖಾಲಿ ಇದ್ದವು. ಇಸ್ಮತ್ ಒಬ್ಬಳೇ ಕೂತು ಕಿವಿಯ ಅಚ್ಚುಗಳನ್ನು ತೊಳೆಯುತ್ತಿದ್ದಳು. ಇನ್ಸಾಫ್ ಪಕ್ಕದಲ್ಲಿ ಕೂತು, ತಾನು ಕಸುಬು ಕಲಿಯುತ್ತಿದ್ದಾಗ ಮದುವೆ ಮನೆಯವರ ಟಿ.ವಿ.ಯ ತಂತಿಯನ್ನು ತಿರುವುಮುರುವು ಬೆಸೆದು ಮನೆಯ ಫ್ಯೂಸನ್ನೆಲ್ಲ ಸುಟ್ಟು, ಮದುಮಗಳು ಮೇಣದಬತ್ತಿಯ ಬೆಳಕಲ್ಲಿ ಊಟ ಮಾಡಿದ ಕತೆ ಹೇಳಿದಳು. ಇಸ್ಮತ್ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು.

"ಟೀ ಚೆಲ್ಲಿತ್ತು, ಅಬ್ಲಾ," ಅಂದಳು. "ನನ್ ಕೈಯಿಂದ್ಲೇ. ಎರಡು ವಾರ ಮುಂಚೆ. ಒರೆಸ್ದೆ, ಚೆನ್ನಾಗೇ ನಡೀತಿತ್ತು. ಆಮೇಲೆ ಒಂದಿನ ನಿಂತೋಯ್ತು. ಇಷ್ಟು ಜನರ ಕಿವಿ ನಾನೇ ಮುಚ್ಚಿದೆ ಅಂತ ಹೇಗೆ ಹೇಳ್ಲಿ?"

"ಸಕ್ರೆ ಹಾಕಿದ್ರಾ?"

"ಮೂರು ಚಮಚ."

ಇನ್ಸಾಫ್ ಅವಳ ತೋಳು ಹಿಡಿದು, ಯಾರೂ ಏನೂ ಮುಚ್ಚಿಲ್ಲ, ನಡೀರಿ ನನ್ನ ಜೊತೆ ಅಂದಳು.

ಈ ಲ್ಯಾಪ್‌ಟಾಪಿನಲ್ಲಿ ಚಾಲೂ ಮಾಡುವ ಗುಂಡಿ ಇರುವುದು ಕೀಲಿಮಣೆಯ ಮೇಲಿನ ಪಟ್ಟಿಯಲ್ಲಿ. ಅಲ್ಲಿಂದ ರಿಬ್ಬನ್ನಿನಂಥ ತೆಳ್ಳನೆಯ ತಂತಿಯೊಂದು ಬೋರ್ಡಿಗೆ ಇಳಿಯುತ್ತದೆ. ಕೀಲಿಮಣೆಯನ್ನು ಮೊದಲ ದಿನವೇ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. ಒಂದು ದೊಡ್ಡ ದೋಷ ಸಿಕ್ಕಿದ ಮೇಲೆ ಅವಳು ಇನ್ನೊಂದು ದೊಡ್ಡದನ್ನೇ ಹುಡುಕುತ್ತ ಹೋಗಿದ್ದಳು. ಹೊಸಬರೂ ನೋಡುವ ಜಾಗವನ್ನು ನೋಡಿರಲಿಲ್ಲ. ಈಗ ಭೂತಗನ್ನಡಿ ಹಿಡಿದಳು. ಪಟ್ಟಿಯ ಅಡಿಯಲ್ಲಿ ಒಣಗಿದ ಸಕ್ಕರೆ ಕಂದು ಗಾಜಿನಂತೆ ಹೊಳೆಯುತ್ತಿತ್ತು. ತಂತಿ ಕೂರುವ ಹಲ್ಲುಗಳ ಮೇಲೆ ಹಸಿರು ತುಕ್ಕು ಕಟ್ಟಿತ್ತು. ಗುಂಡಿಯನ್ನು ಬಿಟ್ಟು, ಅದನ್ನು ಒತ್ತಿದಂತಾಗಲೆಂದು ಬೋರ್ಡಿನ ಮೇಲಿನ ಅದರ ಎರಡು ಪಿನ್ನುಗಳಿಗೆ ಒಟ್ಟಿಗೆ ಚಿಮಟ ತಾಗಿಸಿದಳು.

ಫ್ಯಾನು ಒಮ್ಮೆ ಕೆಮ್ಮಿ ತಿರುಗತೊಡಗಿತು. ಪರದೆ ಬೂದುಬಣ್ಣಕ್ಕೆ ಬಂತು, ಆಮೇಲೆ ಬೆಳ್ಳಗಾಯಿತು.

ಇಸ್ಮತ್ ಬಗ್ಗಿ, ಇನ್ಸಾಫ್‌ಳ ಸ್ಪಿರಿಟ್ ವಾಸನೆಯ ಕೈಗೆ ಮುತ್ತಿಟ್ಟಳು. ಇನ್ಸಾಫ್ ಕೈ ಎಳೆದುಕೊಂಡು, ಈ ಮುತ್ತು ಬಟಾಣಿ ಬಿಡಿಸೋರಿಗೆ ಸೇರ್ಬೇಕು ಅಂದಳು. ಸಂಜೆಯವರೆಗೆ ಇಬ್ಬರೂ ಕೂತು ಹಲ್ಲುಗಳ ತುಕ್ಕನ್ನು ಮೆತ್ತಗಿನ ಬ್ರಷ್ಷಿನಿಂದ ತೊಳೆದರು, ಗುಂಡಿಗೆ ಹೊಸ ತಂತಿ ಹಾಕಿದರು.

ಶನಿವಾರದಿಂದ ಬೆಂಚುಗಳು ಮತ್ತೆ ತುಂಬಿದವು. ಆ ವಾರವೆಲ್ಲ ಇನ್ಸಾಫ್‌ಳ ಮನೆಯಲ್ಲಿ ಒಲೆ ಹಚ್ಚಿದ್ದು ಟೀಗೆ ಮಾತ್ರ. ಒಬ್ಬಳು ಕೋಸಿನೆಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ಮಹ್ಶಿ ಪಾತ್ರೆ ತುಂಬ ತಂದಳು, ಇನ್ನೊಬ್ಬರು ತುಪ್ಪ ಜಿನುಗುವ ಫತೀರ್ ರೊಟ್ಟಿ ಕಳಿಸಿದರು, ನೂಲು ಸುತ್ತುವ ವಿಭಾಗದಲ್ಲಿದ್ದ ಮುದುಕರೊಬ್ಬರು ಬಾಗಿಲಲ್ಲಿ ನಿಂತು, ಮೊಮ್ಮಗಳು ತೊದಲುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ ಅಂತ ಹೇಳಿ, ಕೂತ್ಕೊಳ್ಳಿ ಅನ್ನುವಷ್ಟರಲ್ಲಿ ಹೊರಟುಹೋದರು. ಇನ್ಸಾಫ್ ಎಲ್ಲರಿಗೂ ಒಂದೇ ಮಾತು ಹೇಳಿದಳು: ದೋಷ ಹಿಡಿದದ್ದು ಉಸ್ತಾ, ಕೈ ಮಾತ್ರ ನನ್ನದು. ಜನ ಅದನ್ನು ವಿನಯ ಅಂದುಕೊಂಡರು. ಅದೇ ಮಾದರಿಯ ಇನ್ನೊಂದು ಲ್ಯಾಪ್‌ಟಾಪ್ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿದಾಗ ಬಿಡಿಭಾಗಕ್ಕಿರಲಿ ಅಂತ ಕೊಂಡು ಚಿಕಿತ್ಸಾಲಯದ ಕಪಾಟಿನಲ್ಲಿಟ್ಟಳು. ಇಸ್ಮತ್ ಈಗ ಟೀಯನ್ನು ಮೆಟ್ಟಿಲ ಮೇಲೆ ಕೂತು ಕುಡಿಯುತ್ತಾಳೆ.

ಉಸ್ತಾ ಗಿರ್ಗಿಸ್ ತಮ್ಮ ಸರದಿಗೆ ಸೂಟು ಹಾಕಿಕೊಂಡು ಬಂದರು. ಇನ್ಸಾಫ್ ಅವರ ಪಕ್ಕ ನಿಂತಿದ್ದಳು. ಇಸ್ಮತ್ ಯಂತ್ರವನ್ನು ಅವರ ಕಿವಿಗೆ ಕೂರಿಸಿ, ಪರದೆಯ ಗೆರೆಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಎಳೆದಳು. ಉಸ್ತಾ ಮುಖ ಗಂಟಿಕ್ಕಿ ಕೂತಿದ್ದರು. ಇದ್ದಕ್ಕಿದ್ದಂತೆ ತಲೆ ತಿರುಗಿಸಿ ಕಿಟಕಿಯ ಕಡೆ ನೋಡಿದರು. ಕೆಳಗೆ ರೊಟ್ಟಿ ಅಂಗಡಿಯವರು ಏನಕ್ಕೋ ಜಗಳವಾಡುತ್ತಿದ್ದರು. ಆಮೇಲೆ ತಾವೇ ಗಂಟಲು ಸರಿಮಾಡಿಕೊಂಡು, ಆ ಸದ್ದು ಕೇಳಿ ಮತ್ತೊಮ್ಮೆ ಹಾಗೇ ಮಾಡಿದರು.

"ಉಸ್ತಾ, ಕೇಳಿಸ್ತಾ ಇದೆಯಾ?" ಅಂದಳು ಇನ್ಸಾಫ್.

ಅವರು ಅವಳ ಕಡೆ ತಿರುಗಿದರು. ಮಾತಾಡಿದಾಗ ಅವರ ದನಿ ತಗ್ಗಿತ್ತು, ಹಿಂದೆ ಅಂಗಡಿಯಲ್ಲಿ ಇರುತ್ತಿದ್ದಷ್ಟೇ.

"ನಿನ್ ದನಿಗೆ ವಯಸ್ಸಾಗಿದೆಯಲ್ಲೇ, ಮಗಳೇ."

"ಆಗ್ದೆ ಏನು? ನಾಲ್ಕು ತಿಂಗಳು ನಿಮ್ಮ ಹತ್ರ ಮಾತಿಲ್ದೆ, ಬರೀ ಬರೆದೂ ಬರೆದೂ."

ಉಸ್ತಾ ನಕ್ಕರು. ಎದ್ದು ನಿಂತು ಇಸ್ಮತ್‌ಗೆ ಎದೆಯ ಮೇಲೆ ಕೈಯಿಟ್ಟು ವಂದಿಸಿದರು. ಮತೀಲ್ಡಾ ಬಟಾಣಿ ಸಾರು ಮಾಡಿದ್ದಾಳೆ, ನಮ್ಮನೇಗೇ ಊಟಕ್ಕೆ ಬಾ ಅಂತ ಇನ್ಸಾಫ್‌ಳನ್ನು ಕರೆದರು. ಇಬ್ಬರೂ ಮೆಟ್ಟಿಲಿಳಿದು, ಪಿಸುದನಿಯಲ್ಲಿ ಏನೇನೋ ಮಾತಾಡಿಕೊಳ್ಳುತ್ತ, ಗಿರಣಿಯ ಬೀದಿ ಹಿಡಿದು ನಡೆದರು.